ಮ್ಯಾಚ್ ಇಲ್ಲದ ದಿನ ಕ್ಲಬ್ ಏನು ಮಾಡುತ್ತದೆ?

ಈ ತಿಂಗಳು ಬಂದ ಪತ್ರಗಳಲ್ಲಿ ಆಫ್‌ಸೈಡ್ ಜಗಳ, ವರ್ಗಾವಣೆಯ ಗಾಳಿಸುದ್ದಿಗಳ ನಡುವೆ ಬೇರೆಯೇ ಜಾತಿಯ ಕೆಲವು ಪ್ರಶ್ನೆಗಳಿದ್ದವು. ಕೋಟಿಗಟ್ಟಲೆ ವಹಿವಾಟು ನಡೆಸುವ ಫುಟ್‌ಬಾಲ್ ಕ್ಲಬ್‌ಗಳು ತಾವಿರುವ ಊರಿಗೆ ಏನಾದರೂ ಮಾಡುತ್ತವೆಯೆ, ಮಾಡಿದರೆ ಯಾಕೆ, ಯಾರ ದುಡ್ಡಿನಲ್ಲಿ? ಈ ಸಲ ಅವಕ್ಕಷ್ಟೇ ಉತ್ತರ.

ಪ್ರಶ್ನೆ: ಸರ್, ಪ್ರೀಮಿಯರ್ ಲೀಗ್ ತಪ್ಪದೆ ನೋಡುವವನು ನಾನು. ಕ್ರಿಸ್‌ಮಸ್ ಹತ್ತಿರ ಬಂದರೆ ಸಾಕು, ಆಟಗಾರರು ಮಕ್ಕಳ ಆಸ್ಪತ್ರೆಗೆ ಹೋಗಿ ಉಡುಗೊರೆ ಹಂಚುವ ವಿಡಿಯೊಗಳು ಸಾಲಾಗಿ ಬರುತ್ತವೆ. ಇದೆಲ್ಲ ಬರೀ ಪ್ರಚಾರದ ಗಿಮಿಕ್ ಅಲ್ಲವೆ?
*— ಬಿ.ಕಾಂ. ವಿದ್ಯಾರ್ಥಿ, ದಾವಣಗೆರೆ*

ಉತ್ತರ: ವಿಡಿಯೊ ಮಟ್ಟಿಗೆ ನಿಮ್ಮ ಅನುಮಾನಕ್ಕೆ ನನ್ನ ತಕರಾರಿಲ್ಲ. ಆದರೆ ಡಿಸೆಂಬರಿನ ಆ ಒಂದು ಮಧ್ಯಾಹ್ನವನ್ನು ಹಿಡಿದು ಉಳಿದೆಲ್ಲವನ್ನೂ ತೂಗಬೇಡಿ. ಈ ನಂಟು ಕ್ಯಾಮೆರಾಗಿಂತ ಹಳೆಯದು.

ಗ್ಲಾಸ್ಗೋದ ಸೆಲ್ಟಿಕ್ ಕ್ಲಬ್ಬನ್ನೇ ತೆಗೆದುಕೊಳ್ಳಿ. ಹತ್ತೊಂಬತ್ತನೇ ಶತಮಾನದ ಕೊನೆಗೆ ಆ ನಗರದ ಪೂರ್ವಭಾಗ ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದವರ ಕೇರಿ. ಅಲ್ಲಿ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಬ್ರದರ್ ವಾಲ್ಫ್ರಿಡ್ ಎಂಬ ಕ್ಯಾಥೊಲಿಕ್ ಸಂನ್ಯಾಸಿ, ಹಸಿದ ಮಕ್ಕಳಿಗೆ ಒಂದು ಪೆನ್ನಿ ನಾಣ್ಯಕ್ಕೆ ಊಟ ಹಾಕುವ ಏರ್ಪಾಡು ಮಾಡಿದರು. ಊಟಕ್ಕೆ ದುಡ್ಡು ಬೇಕಲ್ಲ? ಫುಟ್‌ಬಾಲ್ ಪಂದ್ಯ ಇಟ್ಟರೆ ಜನ ಟಿಕೆಟ್ ಕೊಂಡು ಬರುತ್ತಾರೆ ಎಂಬುದನ್ನು ಅವರು ಕಂಡಿದ್ದರು. 1887ರ ನವೆಂಬರ್ 6ರಂದು ಚರ್ಚಿನ ಹಾಲ್‌ನಲ್ಲಿ ಸಭೆ ಸೇರಿ ಕ್ಲಬ್ ಸ್ಥಾಪಿಸಿದರು. 1888ರ ಮೇ 28ರಂದು ಮೊದಲ ಪಂದ್ಯ, ಎದುರಾಳಿ ರೇಂಜರ್ಸ್, ಸೆಲ್ಟಿಕ್‌ಗೆ 5-2ರ ಗೆಲುವು. ಮಕ್ಕಳ ಊಟದ ಖರ್ಚಿಗೆಂದು ಹುಟ್ಟಿದ ಕ್ಲಬ್ ಅದು.

ಇಲ್ಲಿಗೇ ನಿಲ್ಲಿಸಿದರೆ ಪುರಾಣಪ್ರವಚನ ಆಗಿಬಿಡುತ್ತದೆ, ಮುಂದಿನದನ್ನೂ ಹೇಳಬೇಕು. ವಾಲ್ಫ್ರಿಡ್ 1892ರಲ್ಲಿ ಲಂಡನ್ನಿಗೆ ವರ್ಗವಾಗಿ ಹೋದರು. 1897ರಲ್ಲಿ ಕ್ಲಬ್ ಲಿಮಿಟೆಡ್ ಕಂಪನಿಯಾಯಿತು. ಷೇರುದಾರರು ಬಂದರು, ಊಟದ ಮಾತು ಹಿಂದೆ ಸರಿಯಿತು. ಸೆಲ್ಟಿಕ್ ದಾನನಿಧಿ ಅಂತ ಮತ್ತೆ ಒಂದು ಶುರುವಾದದ್ದು 1995ರಲ್ಲಿ. ದುಡ್ಡು ಬಂದಮೇಲೆ ಮರೆವು ಬರುವುದು ಮನುಷ್ಯರಿಗಷ್ಟೇ ಅಲ್ಲ, ಕ್ಲಬ್‌ಗಳಿಗೂ ಉಂಟು.

ಇಂಗ್ಲೆಂಡಿನಲ್ಲಿ ಇವತ್ತು ಕಾಣುವ ವ್ಯವಸ್ಥೆಯ ಬೇರು ಇನ್ನೊಂದು ಕಡೆ ಇದೆ. 1985ರ ಮೇ ತಿಂಗಳಲ್ಲಿ ಬ್ರಾಡ್‌ಫರ್ಡ್ ಕ್ರೀಡಾಂಗಣದ ಮರದ ಸ್ಟ್ಯಾಂಡಿಗೆ ಬೆಂಕಿ ಬಿದ್ದು 56 ಜನ ಸತ್ತರು. ಅದೇ ತಿಂಗಳ ಕೊನೆಗೆ ಬ್ರಸೆಲ್ಸ್‌ನ ಹೈಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಅಭಿಮಾನಿಗಳ ಗಲಾಟೆಯಲ್ಲಿ ಗೋಡೆ ಕುಸಿದು 39 ಜನ ಸತ್ತರು. ಇಂಗ್ಲಿಷ್ ಕ್ಲಬ್‌ಗಳನ್ನು ಯುರೋಪಿನ ಟೂರ್ನಿಗಳಿಂದ ಹೊರಗೆ ಹಾಕಲಾಯಿತು. ಪಂದ್ಯದ ದಿನ ಅಂಗಡಿಯವರು ಶಟರ್ ಎಳೆಯುತ್ತಿದ್ದ ಕಾಲ ಅದು. ನೆರೆಹೊರೆಯವರಿಗೆ ಮುಖ ಕೊಟ್ಟು ಮಾತಾಡಲಾಗದ ಸ್ಥಿತಿಯಲ್ಲಿ, 1986ರಲ್ಲಿ, ಆಟಗಾರರ ಸಂಘದ ಮುಂದಾಳತ್ವದಲ್ಲಿ ವಾಯವ್ಯ ಇಂಗ್ಲೆಂಡಿನ ಆರು ಕ್ಲಬ್‌ಗಳು ಪ್ರಯೋಗಕ್ಕೆ ಇಳಿದವು: ಬೋಲ್ಟನ್, ಬರಿ, ಮ್ಯಾಂಚೆಸ್ಟರ್ ಸಿಟಿ, ಮ್ಯಾಂಚೆಸ್ಟರ್ ಯುನೈಟೆಡ್, ಓಲ್ಡಮ್, ಪ್ರೆಸ್ಟನ್. ನಿರುದ್ಯೋಗಿಗಳಿಗೆ ಕೆಲಸ ಕೊಡುವ ಸರ್ಕಾರಿ ಯೋಜನೆಯ ದುಡ್ಡಿನಲ್ಲಿ ತರಬೇತುದಾರರನ್ನು ಇಟ್ಟುಕೊಂಡು ಶಾಲೆಗಳಿಗೆ, ಕೇರಿಗಳಿಗೆ ಕಳಿಸಿದರು. ಕೆಟ್ಟ ಹೆಸರು ತೊಳೆದುಕೊಳ್ಳುವ ಉದ್ದೇಶ ಅದರಲ್ಲಿ ಇರಲಿಲ್ಲ ಅಂತ ಯಾರೂ ಹೇಳುವುದಿಲ್ಲ. ಆದರೂ ಆ ಆರು ಕ್ಲಬ್‌ಗಳಿಂದ ಶುರುವಾದದ್ದು ಇಂದು ಇಂಗ್ಲೆಂಡಿನ ಹೆಚ್ಚುಕಡಿಮೆ ಎಲ್ಲ ವೃತ್ತಿಪರ ಕ್ಲಬ್‌ಗಳಿಗೂ ಹಬ್ಬಿದೆ. ಪ್ರಚಾರಕ್ಕೆಂದು ಮಾಡಿದ ಕೆಲಸವೂ ನಲವತ್ತು ವರ್ಷ ಬಿಡದೆ ನಡೆದರೆ ಅದನ್ನು ಗಿಮಿಕ್ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಪ್ರಶ್ನೆ: ನಮ್ಮಲ್ಲಿ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಲೆಕ್ಕದಲ್ಲಿ ಖರ್ಚು ಮಾಡಲೇಬೇಕು. ಅಲ್ಲಿನ ಕ್ಲಬ್‌ಗಳಿಗೂ ಅಂಥ ಕಾನೂನು ಇದೆಯೆ? ಈ ದುಡ್ಡು ಯಾರ ಜೇಬಿನಿಂದ ಬರುತ್ತದೆ?
*— ವಾಣಿಜ್ಯಶಾಸ್ತ್ರ ಉಪನ್ಯಾಸಕರು, ಹುಬ್ಬಳ್ಳಿ*

ಉತ್ತರ: ಲೆಕ್ಕದ ಮೇಷ್ಟ್ರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ನಮ್ಮ 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿಗದಿತ ಮಟ್ಟ ದಾಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಬ್ರಿಟನ್ನಿನಲ್ಲಿ ಇಂಥ ಕಡ್ಡಾಯ ಇಲ್ಲ.

ಅಲ್ಲಿ ರಚನೆಯೇ ಬೇರೆ. ಕ್ಲಬ್ ಒಂದು ಕಂಪನಿ. ಅದರ ಪಕ್ಕದಲ್ಲಿ ಅದೇ ಲಾಂಛನ ಹೊತ್ತು, ಅದೇ ಬಣ್ಣದ ಟ್ರ್ಯಾಕ್‌ಸೂಟ್ ತೊಟ್ಟು ಕೆಲಸ ಮಾಡುವ ಟ್ರಸ್ಟ್ ಇನ್ನೊಂದು ಸಂಸ್ಥೆ. ಟ್ರಸ್ಟು, ದಾನಸಂಸ್ಥೆಗಳ ಮೇಲೆ ಕಣ್ಣಿಡುವ ಚಾರಿಟಿ ಕಮಿಷನ್ನಿನಲ್ಲಿ ನೋಂದಣಿಯಾಗಿರುತ್ತದೆ. ಅದಕ್ಕೆ ಬೇರೆ ಟ್ರಸ್ಟಿಗಳು, ಬೇರೆ ಬ್ಯಾಂಕ್ ಖಾತೆ, ಬೇರೆ ಆಡಿಟ್. ದುಡ್ಡು ನಾಲ್ಕಾರು ಕಡೆಯಿಂದ ಬಂದು ಸೇರುತ್ತದೆ: ಪ್ರೀಮಿಯರ್ ಲೀಗ್ ಮತ್ತು ಆಟಗಾರರ ಸಂಘದ ನಿಧಿ, ನಗರಪಾಲಿಕೆ, ಆರೋಗ್ಯ ಇಲಾಖೆ, ಪೊಲೀಸ್, ಲಾಟರಿ ನಿಧಿ, ಊರಿನ ಕಂಪನಿಗಳು, ಅಭಿಮಾನಿಗಳು ಓಡಿ ನಡೆದು ಕೂಡಿಸಿದ ಚಿಲ್ಲರೆ. ಕ್ಲಬ್ ಕೊಡುವುದು ಇದರಲ್ಲಿ ಒಂದು ಪಾಲು, ಎಷ್ಟೋ ಕಡೆ ಸಣ್ಣ ಪಾಲು. ಅದರ ಜೊತೆಗೆ ಹೆಸರು, ಕ್ರೀಡಾಂಗಣದ ಕೋಣೆ, ಆಟಗಾರರ ಒಂದಷ್ಟು ಹೊತ್ತು.

ಪ್ರೀಮಿಯರ್ ಲೀಗಿನ ಇಪ್ಪತ್ತು ಕ್ಲಬ್‌ಗಳು ವರ್ಷಕ್ಕೆ ಸಂಬಳಕ್ಕೆಂದೇ 400 ಕೋಟಿ ಪೌಂಡಿನ ಆಸುಪಾಸು ಖರ್ಚು ಮಾಡುತ್ತವೆ. ಆ ಅಳತೆಗೆ ಹಿಡಿದರೆ ಕ್ಲಬ್ ತನ್ನ ಕೈಯಿಂದ ಕೊಡುವ ನಗದು ಉಪ್ಪಿನಕಾಯಿಯಷ್ಟೇ. ಹಾಗಾಗಿ "ಕ್ಲಬ್ ಇಷ್ಟು ಕೋಟಿ ಸಮಾಜಕ್ಕೆ ಕೊಟ್ಟಿತು" ಎಂಬ ಸುದ್ದಿ ಓದಿದಾಗ, ಅದರಲ್ಲಿ ಕ್ಲಬ್ಬಿನದೆಷ್ಟು, ಸರ್ಕಾರದ್ದೆಷ್ಟು ಅಂತ ಬಿಡಿಸಿ ನೋಡಿ. ಟ್ರಸ್ಟುಗಳ ವಾರ್ಷಿಕ ಲೆಕ್ಕಪತ್ರ ಚಾರಿಟಿ ಕಮಿಷನ್ನಿನ ತಾಣದಲ್ಲಿ ಯಾರು ಬೇಕಾದರೂ ಓದಬಹುದು. ನಿಮ್ಮ ಎಂ.ಕಾಂ. ಮಕ್ಕಳಿಗೆ ಒಂದು ಅಸೈನ್‌ಮೆಂಟ್ ಕೊಡಿ. ನಮ್ಮ ಸಿಎಸ್‌ಆರ್ ವರದಿಗಳನ್ನು ಅದರ ಪಕ್ಕ ಇಟ್ಟು ಓದಲು ಹೇಳಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿ ದುಡಿದವನು. ಶಿಬಿರ ಮಾಡುತ್ತಾರೆ, ಟೀ ಶರ್ಟ್ ಹಂಚುತ್ತಾರೆ, ಬಿಸ್ಕತ್ ಕೊಟ್ಟು ಕಳಿಸುತ್ತಾರೆ. ಮಾರನೇ ದಿನ ಎಲ್ಲ ಮೊದಲಿನಂತೆ. ಕ್ಲಬ್‌ಗಳ ಕೆಲಸದಿಂದ ಯಾರಿಗಾದರೂ ನಿಜವಾಗಿ ಉಪಯೋಗ ಆಗಿದೆ ಅಂತ ಅಳೆದು ನೋಡಿದವರಿದ್ದಾರೆಯೆ?
*— ನಿವೃತ್ತ ದೈಹಿಕ ಶಿಕ್ಷಕರು, ಮೈಸೂರು*

ಉತ್ತರ: ಇದ್ದಾರೆ ಮೇಷ್ಟ್ರೆ. ನಿಮಗಾಗಿ ಸ್ಕಾಟ್ಲೆಂಡಿನ ಒಂದು ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಇಷ್ಟು ಚೊಕ್ಕವಾಗಿ ಅಳೆದದ್ದು ಈ ಕ್ಷೇತ್ರದಲ್ಲಿ ಅಪರೂಪ.

ನಡುವಯಸ್ಸಿನ ಗಂಡಸರು ತೂಕ ಇಳಿಸುವ ತರಗತಿಗಳತ್ತ ಸುಳಿಯುವುದಿಲ್ಲ ಎಂಬುದು ಅಲ್ಲಿನ ವೈದ್ಯರ ತಲೆನೋವಾಗಿತ್ತು. ಅದು ಹೆಂಗಸರ ಜಾಗ ಎಂಬ ಸಂಕೋಚ, ಹೊಟ್ಟೆ ತೋರಿಸಿಕೊಳ್ಳುವ ನಾಚಿಕೆ. ಅದೇ ಗಂಡಸರು ಮಳೆಯಲ್ಲಿ ನೆನೆಯುತ್ತ ಪಂದ್ಯ ನೋಡಲು ಮಾತ್ರ ತಪ್ಪದೆ ಬರುತ್ತಿದ್ದರು. ಹಾಗಿದ್ದರೆ ತರಗತಿಯನ್ನೇ ಕ್ರೀಡಾಂಗಣಕ್ಕೆ ತಂದರೆ? ಸ್ಕಾಟ್ಲೆಂಡ್ ಲೀಗಿನ ಟ್ರಸ್ಟ್ ಮತ್ತು ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ 'ಫುಟ್‌ಬಾಲ್ ಫ್ಯಾನ್ಸ್ ಇನ್ ಟ್ರೇನಿಂಗ್' ಎಂಬ 12 ವಾರಗಳ ಕಾರ್ಯಕ್ರಮ ಕಟ್ಟಿದರು. ವಯಸ್ಸು 35ರಿಂದ 65, ದೇಹದ ತೂಕದ ಸೂಚ್ಯಂಕ 28 ಅಥವಾ ಹೆಚ್ಚು. ವಾರಕ್ಕೊಂದು ಸಂಜೆ. ಕಲಿಸುವವರು ಕ್ಲಬ್ಬಿನ ಸಮುದಾಯ ತರಬೇತುದಾರರು, ಬಿಳಿ ಕೋಟಿನವರಲ್ಲ.

ಅಲ್ಲಿ ನಡೆದದ್ದು ಇಷ್ಟೇ. ಸೊಂಟಕ್ಕೆ ಹೆಜ್ಜೆ ಎಣಿಸುವ ಪುಟ್ಟ ಯಂತ್ರ ಕಟ್ಟಿಕೊಟ್ಟರು. ಊಟದ ತಟ್ಟೆಯಲ್ಲಿ ಎಷ್ಟಿರಬೇಕು, ಬಿಯರ್‌ನಿಂದ ಎಷ್ಟು ಬೊಜ್ಜು ಸೇರುತ್ತದೆ ಎಂದು ಕೂತು ಮಾತಾಡಿದರು. ಆಮೇಲೆ ಎದ್ದು ಮೈದಾನದ ಅಂಚಿನಲ್ಲಿ, ಗ್ಯಾಲರಿಯ ಮೆಟ್ಟಿಲುಗಳಲ್ಲಿ ನಡೆದರು. ವರ್ಷಗಟ್ಟಲೆ ಗ್ಯಾಲರಿಯಿಂದ ಕೂಗಿದವನಿಗೆ ಆಟಗಾರರು ಓಡಾಡುವ ಮೊಗಸಾಲೆಯಲ್ಲಿ ನಡೆದುಹೋಗುವ ಭಾಗ್ಯ. ಪಕ್ಕದಲ್ಲಿರುವವನೂ ಅದೇ ಹೊಟ್ಟೆಯವನು, ಅದೇ ಕ್ಲಬ್ಬಿನವನು. ಗೇಲಿ ಮಾಡುತ್ತ ಮಾಡುತ್ತಲೇ ಬೆವರು ಹರಿಸಿದರು.

ಅಳತೆ ಹೀಗಿತ್ತು: 13 ಕ್ಲಬ್‌ಗಳಲ್ಲಿ 747 ಗಂಡಸರು. ಚೀಟಿ ಎತ್ತಿದಂತೆ ಎರಡು ಭಾಗ ಮಾಡಿ ಒಂದು ಗುಂಪಿಗೆ ಕೂಡಲೇ ತರಬೇತಿ, ಇನ್ನೊಂದಕ್ಕೆ ವರ್ಷದ ನಂತರ. ಹನ್ನೆರಡು ತಿಂಗಳಾದ ಮೇಲೆ ತೂಗಿದರೆ ತರಬೇತಿ ಪಡೆದವರು ಸರಾಸರಿ 5.56 ಕೆ.ಜಿ. ಇಳಿದಿದ್ದರು, ಕಾಯುತ್ತಿದ್ದವರು 0.58 ಕೆ.ಜಿ. 2014ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಮಾರನೇ ದಿನ ಎಲ್ಲ ಮೊದಲಿನಂತೆ ಎಂದಿರಲ್ಲ, ಅದನ್ನೂ ನೋಡಿದ್ದಾರೆ. ಮೂರೂವರೆ ವರ್ಷದ ಬಳಿಕ ಮತ್ತೆ ತೂಗಿದಾಗ ಸ್ವಲ್ಪ ತೂಕ ವಾಪಸ್ ಬಂದಿತ್ತು. ಆದರೂ ಶುರುವಿನ ತೂಕಕ್ಕಿಂತ ಸುಮಾರು 3 ಕೆ.ಜಿ. ಕಡಿಮೆಯೇ ಇತ್ತು.

ಇದೇ ಮಾದರಿಯನ್ನು ಇಂಗ್ಲೆಂಡ್, ನೆದರ್‌ಲೆಂಡ್ಸ್, ನಾರ್ವೆ, ಪೋರ್ಚುಗಲ್‌ಗಳ 15 ಕ್ಲಬ್‌ಗಳಲ್ಲಿ ಬೇರೆ ಗುರಿಯಿಟ್ಟು ನಡೆಸಿದರು: ಹೆಚ್ಚು ನಡೆಯಬೇಕು, ಕಡಿಮೆ ಕೂರಬೇಕು. ನಡೆದದ್ದು ಹೆಚ್ಚಾಯಿತು, ಕೂರುವುದು ಕಡಿಮೆಯಾಗಲಿಲ್ಲ. ಸೋತದ್ದನ್ನೂ ಬರೆದಿಟ್ಟಿದ್ದಾರೆ, ಅದಕ್ಕೇ ನನಗೆ ಈ ಕೆಲಸದ ಮೇಲೆ ನಂಬಿಕೆ.

ನನ್ನ ಅಭಿಪ್ರಾಯ ಕೇಳಿದರೆ, ಕ್ಲಬ್‌ಗಳ ಬಳಿ ಇರುವ ದೊಡ್ಡ ಆಸ್ತಿ ದುಡ್ಡಲ್ಲ, ಆ ಗೇಟು. ಆಸ್ಪತ್ರೆಯ ಚೀಟಿ ಕೊಟ್ಟರೆ ಬಾರದವನು ಆ ಗೇಟಿನೊಳಕ್ಕೆ ಕರೆದರೆ ಬರುತ್ತಾನೆ. ಸ್ಕಾಟ್ಲೆಂಡಿನಲ್ಲಿಯೇ 'ಫುಟ್‌ಬಾಲ್ ಮೆಮೊರೀಸ್' ಎಂಬ ಇನ್ನೊಂದು ಕೆಲಸ ನಡೆಯುತ್ತಿದೆ. ಮರೆವಿನ ಕಾಯಿಲೆಯ ಹಿರಿಯರನ್ನು ಕೂರಿಸಿಕೊಂಡು ಸ್ವಯಂಸೇವಕರು ಹಳೆಯ ಪಂದ್ಯಗಳ ಫೋಟೊ ಹರಡುತ್ತಾರೆ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಇತ್ತೀಚಿನ ನೆನಪು ಮೊದಲು ಹೋಗುತ್ತದೆ, ಹರೆಯದ್ದು ಹೆಚ್ಚು ಕಾಲ ಉಳಿದಿರುತ್ತದೆ. 1967ರಲ್ಲಿ ಲಿಸ್ಬನ್‌ನಲ್ಲಿ ಸೆಲ್ಟಿಕ್ ಯುರೋಪಿಯನ್ ಕಪ್ ಗೆದ್ದ ತಂಡದ ಫೋಟೊ ಮುಂದಿಟ್ಟರೆ ಮಾತು ಎಲ್ಲಿಂದ ಶುರುವಾಗುತ್ತದೆ ಅಂತ ನಿಮ್ಮಂಥವರಿಗೆ ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ನಾನು ಉಡುಪಿ ಕಡೆಯವಳು, ಈಗ ಲಿವರ್‌ಪೂಲಿನಲ್ಲಿ ನರ್ಸ್. ಪಂದ್ಯದ ದಿನ ಕ್ರೀಡಾಂಗಣದ ಹೊರಗೆ ಜನ ಡಬ್ಬಿ ಆಹಾರ ತಂದು ಒಂದು ಕಡೆ ಒಪ್ಪಿಸುವುದನ್ನು ನೋಡಿದೆ. ಇದು ಕ್ಲಬ್ಬಿನ ಕೆಲಸವೆ? ನಾವು ಕನ್ನಡಿಗರು ಒಂದಷ್ಟು ಮನೆಯವರು ಸೇರಿ ಅಕ್ಕಿ, ತೊಗರಿಬೇಳೆ ಕೊಡಬಹುದೆ?
*— ಓದುಗಿ, ಲಿವರ್‌ಪೂಲ್*

ಉತ್ತರ: ಧಾರಾಳವಾಗಿ ಕೊಡಿ ತಾಯಿ, ಆದರೆ ಬೇಳೆಯ ವಿಷಯ ಆಮೇಲೆ ಹೇಳುತ್ತೇನೆ.

ಅದನ್ನು ಶುರುಮಾಡಿದ್ದು ಕ್ಲಬ್ ಅಲ್ಲ, ಅಭಿಮಾನಿಗಳು. 2015ರಲ್ಲಿ ಎವರ್ಟನ್ ಮತ್ತು ಲಿವರ್‌ಪೂಲ್ ಕ್ಲಬ್‌ಗಳ ಕೆಲವು ಅಭಿಮಾನಿಗಳು ಸೇರಿ, ಬಡವರಿಗೆ ದಿನಸಿ ಹಂಚುವ ಫುಡ್‌ಬ್ಯಾಂಕ್‌ಗಳಿಗೆ ನೆರವಾಗಲು 'ಫ್ಯಾನ್ಸ್ ಸಪೋರ್ಟಿಂಗ್ ಫುಡ್‌ಬ್ಯಾಂಕ್ಸ್' ಕಟ್ಟಿದರು. ಅವರಲ್ಲೊಬ್ಬರಾದ ಇಯಾನ್ ಬರ್ನ್ 2019ರಲ್ಲಿ ಅದೇ ನಗರದಿಂದ ಸಂಸತ್ತಿಗೂ ಆರಿಸಿಬಂದರು. ಈ ಎರಡು ಕ್ಲಬ್‌ಗಳದು ದಾಯಾದಿ ಸಂಬಂಧ. 1892ರವರೆಗೆ ಆನ್‌ಫೀಲ್ಡ್ ಎವರ್ಟನ್ನಿನ ಮೈದಾನವಾಗಿತ್ತು. ಬಾಡಿಗೆ ಜಗಳದಲ್ಲಿ ಎವರ್ಟನ್ ಎದ್ದುಹೋಯಿತು, ಖಾಲಿ ಮೈದಾನಕ್ಕೆಂದು ಲಿವರ್‌ಪೂಲ್ ಕ್ಲಬ್ ಹುಟ್ಟಿತು. ಒಂದು ಪಾರ್ಕಿನ ಆಚೆಈಚೆ ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಕಾದಾಡಿದವರು ಹಸಿವಿಗೆ ಜೆರ್ಸಿ ಬಣ್ಣ ಇಲ್ಲ ಅಂತ ಒಟ್ಟಿಗೆ ನಿಂತರು. ಇದರ ಹಿಂದೆ ಖುಷಿಪಡುವಂಥದ್ದೇನೂ ಇಲ್ಲ. ಉತ್ತರ ಲಿವರ್‌ಪೂಲ್ ಇಂಗ್ಲೆಂಡಿನ ಕಡುಬಡತನದ ಪ್ರದೇಶಗಳಲ್ಲಿ ಒಂದು, ಎರಡೂ ಕ್ರೀಡಾಂಗಣ ಬೆಳೆದದ್ದು ಅದರ ನಟ್ಟನಡುವೆ. ಕ್ಲಬ್‌ಗಳು ಆಮೇಲೆ ಕೈಜೋಡಿಸಿದವು. ಇದೇ ರೀತಿ ನ್ಯೂಕಾಸಲ್ ಮುಂತಾದ ಊರುಗಳಲ್ಲೂ ಅಭಿಮಾನಿಗಳು ಸಂಗ್ರಹ ನಡೆಸುತ್ತಾರೆ. ಈಗ ಕೇರಿಗೇ ಹೋಗಿ, ಜನ ಸ್ವಲ್ಪ ದುಡ್ಡು ಕೊಟ್ಟು ತಮಗೆ ಬೇಕಾದ್ದನ್ನು ತಾವೇ ಆರಿಸಿಕೊಳ್ಳುವ ಸಂಚಾರಿ ಅಂಗಡಿಯೂ ಇದೆ. ಕೈಯೊಡ್ಡುವುದಕ್ಕೂ ಆರಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಗೊತ್ತು.

ಇನ್ನು ಬೇಳೆ. ಫುಡ್‌ಬ್ಯಾಂಕಿಗೆ ಬರುವ ಎಷ್ಟೋ ಮನೆಗಳಲ್ಲಿ ಗ್ಯಾಸು, ಕರೆಂಟಿಗೆ ಕಾಸಿರುವುದಿಲ್ಲ. ಕೆಲವರಿಗೆ ಒಲೆಯೇ ಇಲ್ಲ, ನೀರು ಕಾಯಿಸುವ ಕೆಟಲ್ ಒಂದೇ. ಅಂಥವರಿಗೆಂದೇ ಬಿಸಿನೀರು ಸುರಿದರೆ ಸಾಕಾಗುವ ಪೊಟ್ಟಣಗಳನ್ನು ಬೇರೆ ಕಟ್ಟುತ್ತಾರೆ. ಕುಕ್ಕರಿನಲ್ಲಿ ನಾಲ್ಕು ಸೀಟಿ ಕೇಳುವ ತೊಗರಿಬೇಳೆ ಅವರಿಗೆ ಭಾರ. ಡಬ್ಬಿಯ ಬೀನ್ಸ್, ಮೀನು, ತಿಂಗಳುಗಟ್ಟಲೆ ಕೆಡದ ಹಾಲು, ಮಕ್ಕಳ ಡೈಪರ್, ಸ್ಯಾನಿಟರಿ ಪ್ಯಾಡ್ ಕೊಡಿ. ಫುಡ್‌ಬ್ಯಾಂಕಿನವರು ಆ ವಾರ ಏನು ಬೇಕೆಂದು ಪಟ್ಟಿ ಹಾಕುತ್ತಾರೆ, ಅದನ್ನು ನೋಡಿಕೊಂಡು ಹೋಗಿ.

ನಿಮ್ಮ ಊರಿನಲ್ಲೇ ಎವರ್ಟನ್ ಕ್ಲಬ್ಬಿನ ಟ್ರಸ್ಟ್ 'ಎವರ್ಟನ್ ಇನ್ ದ ಕಮ್ಯುನಿಟಿ' ಇದೆ, ಅದನ್ನೂ ಒಮ್ಮೆ ನೋಡಿ ಬನ್ನಿ. 1988ರಲ್ಲಿ ಶುರುವಾದದ್ದು. ಸಾಮಾನ್ಯ ಶಾಲೆಗಳಲ್ಲಿ ನೆಲೆ ನಿಲ್ಲದ ಮಕ್ಕಳಿಗೆಂದು 2012ರಲ್ಲಿ ಶಾಲೆಯನ್ನೇ ತೆರೆಯಿತು. ಮಾನಸಿಕ ಆರೋಗ್ಯಕ್ಕೆಂದು ಎವರ್ಟನ್ನಿನ ಹಳೆಯ ಕ್ರೀಡಾಂಗಣ ಗುಡಿಸನ್ ಪಾರ್ಕ್ ಪಕ್ಕದಲ್ಲೇ ಒಂದು ಕೇಂದ್ರ ಕಟ್ಟಿದೆ. 2025ರಲ್ಲಿ ಎವರ್ಟನ್ ಪುರುಷರ ತಂಡ ನದಿದಂಡೆಯ ಹೊಸ ಕ್ರೀಡಾಂಗಣಕ್ಕೆ ಹೋದಾಗ, ಹಳೆಯ ಕೇರಿಯ ಗತಿಯೇನು ಎಂಬ ಆತಂಕ ಸಹಜವಾಗಿಯೇ ಇತ್ತು. ಗುಡಿಸನ್ ಪಾರ್ಕ್ ಕೆಡವದೆ ಮಹಿಳಾ ತಂಡಕ್ಕೆ ಕೊಟ್ಟರು. ಪಂದ್ಯದ ದಿನ ಕ್ಯಾಂಟೀನ್, ಪಬ್ಬು, ಚಿಪ್ಸ್ ಅಂಗಡಿ ನಂಬಿದವರಿಗೆ ಅದೊಂದೇ ಸಮಾಧಾನ.

ಪ್ರಶ್ನೆ: ಎಂಟನೇ ತರಗತಿಯ ನನ್ನ ಮಗ ಮಾರ್ಕಸ್ ರಾಶ್‌ಫರ್ಡ್ ಅಭಿಮಾನಿ. ಇಂಗ್ಲೆಂಡಿನಲ್ಲೂ ನಮ್ಮ ಬಿಸಿಯೂಟದಂಥದ್ದು ಇದೆಯೆ, ಅದಕ್ಕೆ ರಾಶ್‌ಫರ್ಡ್ ಯಾಕೆ ಜಗಳ ಆಡಿದ ಅಂತ ಕೇಳುತ್ತಾನೆ.
*— ಗೃಹಿಣಿ, ಶಿವಮೊಗ್ಗ*

ಉತ್ತರ: ಅಲ್ಲಿ ಸಾಮಾನ್ಯವಾಗಿ ಪುಟ್ಟ ತರಗತಿಗಳನ್ನು ಬಿಟ್ಟರೆ ಉಚಿತ ಊಟ ಬಡ ಮನೆಯ ಮಕ್ಕಳಿಗೆ ಮಾತ್ರ, ಅದೂ ಶಾಲೆ ನಡೆಯುವ ದಿನಗಳಲ್ಲಿ. 2020ರ ಲಾಕ್‌ಡೌನಿನಲ್ಲಿ ಕೊಟ್ಟಿದ್ದ ಊಟದ ಕೂಪನ್ನನ್ನು ಬೇಸಿಗೆ ರಜೆಗೆ ಮುಂದುವರಿಸುವುದಿಲ್ಲ ಅಂತ ಸರ್ಕಾರ ಹೇಳಿತು. ತಾನೂ ಆ ಊಟ ಉಂಡೇ ಬೆಳೆದವನೆಂದು ರಾಶ್‌ಫರ್ಡ್ ಸಂಸದರಿಗೆ ಬಹಿರಂಗ ಪತ್ರ ಬರೆದ. ಮಾರನೇ ದಿನ, ಜೂನ್ 16ರಂದು, ಸರ್ಕಾರ ಮಣಿಯಿತು. ಸುಮಾರು 13 ಲಕ್ಷ ಮಕ್ಕಳಿಗೆ ಅನುಕೂಲವಾಯಿತು. ಆಗ ಅವನಿಗೆ 22 ವರ್ಷ. ಇದು ಕ್ಲಬ್ಬಿನ ಕೆಲಸವಲ್ಲ, ಆಟಗಾರನದು. ನಿಮ್ಮ ಮಗನಿಗೆ ಇನ್ನೂ ಒಂದು ಮಾತು ಹೇಳಿ: ಬರ ಬಂದ ವರ್ಷಗಳಲ್ಲಿ ಕರ್ನಾಟಕದ ಬರಪೀಡಿತ ತಾಲ್ಲೂಕುಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಹಾಕಿದ್ದಾರೆ. ಈ ಒಂದು ವಿಷಯದಲ್ಲಿ ನಾವು ಇಂಗ್ಲೆಂಡಿನಿಂದ ಕಲಿಯಬೇಕಾದ್ದು ಹೆಚ್ಚೇನಿಲ್ಲ.

ಪ್ರಶ್ನೆ: ಎದೆಯ ಮೇಲೆ ಜೂಜಿನ ಕಂಪನಿಯ ಹೆಸರು, ಹಿಂದೆ ತೈಲ ದೊರೆಗಳ ದುಡ್ಡು. ಇಂಥ ಕ್ಲಬ್‌ಗಳು ಬಡ ಮಕ್ಕಳಿಗೆ ಚೆಂಡು ಹಂಚಿದರೆ ಪಾಪ ತೊಳೆಯುತ್ತದೆಯೆ?
*— ಓದುಗರು, ಮಂಗಳೂರು*

ಉತ್ತರ: ತೊಳೆಯುವುದಿಲ್ಲ. ತೊಳೆಯಲಿ ಅಂತಲೇ ಕೆಲವರು ಮಾಡುತ್ತಾರೆ ಎಂಬ ನಿಮ್ಮ ಗುಮಾನಿಯೂ ಸರಿ.

ಒಂದು ಸಣ್ಣ ವಿವರ ನೋಡಿ. ಬ್ರಿಟನ್ನಿನಲ್ಲಿ ಮಕ್ಕಳ ಅಳತೆಯ ಜೆರ್ಸಿ ಮೇಲೆ ಜೂಜು ಕಂಪನಿಯ ಹೆಸರು ಹಾಕುವಂತಿಲ್ಲ. ಹಾಗಾಗಿ ಅಂಥ ಪ್ರಾಯೋಜಕರಿರುವ ಕ್ಲಬ್ಬಿನ ಅಪ್ಪಮಕ್ಕಳು ಪಂದ್ಯಕ್ಕೆ ಹೋದರೆ ಮಗನ ಎದೆ ಖಾಲಿ, ಅಪ್ಪನ ಎದೆಯ ಮೇಲೆ ಜೂಜಿನ ಜಾಹೀರಾತು. ಮಗ ಅಪ್ಪನನ್ನು ನೋಡುವುದಿಲ್ಲ ಅಂತ ನಿಯಮ ಮಾಡಿದವರು ಭಾವಿಸಿರಬೇಕು. 2025-26ರ ಋತು ಮುಗಿಯುವ ಹೊತ್ತಿಗೆ ಎದೆಯ ಮೇಲಿಂದ ಅದನ್ನು ತೆಗೆಯಲು ಪ್ರೀಮಿಯರ್ ಲೀಗ್ ಕ್ಲಬ್‌ಗಳು 2023ರಲ್ಲಿ ತಾವಾಗಿಯೇ ಒಪ್ಪಿದವು. ಆದರೆ ತೋಳಿಗೆ ಆ ನಿಷೇಧ ಇಲ್ಲ, ಮೈದಾನದ ಸುತ್ತಲ ಹಲಗೆಗೂ ಇಲ್ಲ.

ನ್ಯೂಕಾಸಲ್ ಯುನೈಟೆಡ್ಡನ್ನು 2021ರಲ್ಲಿ ಸೌದಿ ಅರೇಬಿಯಾದ ಸರ್ಕಾರಿ ನಿಧಿಯ ನೇತೃತ್ವದ ಕೂಟ ಕೊಂಡಿತು. ಮಾನವ ಹಕ್ಕುಗಳ ಪ್ರಶ್ನೆ ಎತ್ತಿದವರು ಸುಮ್ಮನೆ ಎತ್ತಿರಲಿಲ್ಲ. ಅದೇ ಊರಿನಲ್ಲಿ ಅದೇ ಕ್ಲಬ್ಬಿನ ಟ್ರಸ್ಟು ಮಾಲೀಕರು ಬದಲಾಗುವ ಮೊದಲಿನಿಂದಲೂ ಕೆಲಸ ಮಾಡುತ್ತಿದೆ. ಅಲ್ಲಿ ಕೆಲಸ ಕಲಿಯಲು ಬರುವ ಹುಡುಗನಿಗೆ ರಿಯಾದ್ ಬಲು ದೂರ. ಎರಡನ್ನೂ ಒಟ್ಟಿಗೆ ಹೇಳಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಬಾರದು.

2020ರ ಏಪ್ರಿಲ್‌ನಲ್ಲಿ ಆದದ್ದು ಇನ್ನೂ ಸ್ಪಷ್ಟ. ಕೋವಿಡ್ ಬಂದು ಆಟ ನಿಂತಾಗ ಲಿವರ್‌ಪೂಲ್ ಕ್ಲಬ್ ಆಟಗಾರರಲ್ಲದ ನೌಕರರ ಸಂಬಳವನ್ನು ಸರ್ಕಾರದ ಪರಿಹಾರ ಯೋಜನೆಯಿಂದ ಪಡೆಯಲು ಹೊರಟಿತು. ಅಭಿಮಾನಿಗಳು ಉಗಿದರು. ಎರಡೇ ದಿನದಲ್ಲಿ ಕ್ಲಬ್ ಕ್ಷಮೆ ಕೇಳಿ ಹಿಂದೆ ಸರಿಯಿತು. ಟಾಟನಮ್ ಕೂಡ ಅದೇ ದಾರಿ ಹಿಡಿದು ವಾಪಸ್ ಬಂತು. ಅದೇ ತಿಂಗಳು ಲಿವರ್‌ಪೂಲಿನ ಆಗಿನ ನಾಯಕ ಜೋರ್ಡನ್ ಹೆಂಡರ್ಸನ್ ಮುಂದೆ ನಿಂತು ಪ್ರೀಮಿಯರ್ ಲೀಗ್ ಆಟಗಾರರಿಂದ ಆರೋಗ್ಯ ಸೇವೆಯ ಸಿಬ್ಬಂದಿಗಾಗಿ ಹಣ ಕೂಡಿಸುತ್ತಿದ್ದ.

ಚೆಂಡು ಹಂಚುವುದು ಹಾಗಿರಲಿ, ಕ್ಲಬ್ಬೊಂದು ಊರಿಗೆ ಮಾಡುವ ಮೊದಲ ಉಪಕಾರ ಎಂದರೆ ದಿವಾಳಿ ಆಗದೆ ಇರುವುದು. ಮೊದಲ ಉತ್ತರದಲ್ಲಿ ಹೇಳಿದ ಆರು ಕ್ಲಬ್‌ಗಳಲ್ಲಿ ಬರಿ ಎಂಬುದೊಂದಿತ್ತಲ್ಲ, 1885ರ ಕ್ಲಬ್, ಮಾಲೀಕರ ಹಣಕಾಸಿನ ಗೊಂದಲದಲ್ಲಿ 2019ರ ಆಗಸ್ಟ್‌ನಲ್ಲಿ ಲೀಗಿನಿಂದಲೇ ಹೊರಬಿತ್ತು. ಅದನ್ನು ಅಭಿಮಾನಿಗಳು ಕೆಳಗಿನ ಹಂತದಿಂದ ಮತ್ತೆ ಕಟ್ಟಬೇಕಾಯಿತು.

ಪ್ರಶ್ನೆ: ಗೌತಮಪುರದ ಹುಡುಗ ನಾನು. ನಮ್ಮ ಬೀದಿಯಲ್ಲಿ ಪೆಲೆ ಪ್ರತಿಮೆಯೇ ಇದೆ. ನಾವೊಂದಷ್ಟು ಜನ ಸಣ್ಣ ಕ್ಲಬ್ ನಡೆಸುತ್ತೇವೆ. ಬೆಂಗಳೂರು ಎಫ್‌ಸಿ ನಮ್ಮಂಥ ಕೇರಿಗಳಿಗೆ ಇಂಗ್ಲೆಂಡಿನ ಕ್ಲಬ್‌ಗಳಂತೆ ಏನಾದರೂ ಮಾಡಬಹುದೆ? ಕೈಯಲ್ಲಿ ಕಾಸಿಲ್ಲದ ನಾವು ಏನು ಮಾಡಬಹುದು?
*— ಓದುಗ, ಬೆಂಗಳೂರು*

ಉತ್ತರ: ಮೊದಲು ಹೋಲಿಕೆಯ ಮಿತಿ ಹೇಳುತ್ತೇನೆ. ಅಲ್ಲಿನ ಎಷ್ಟೋ ಕ್ಲಬ್‌ಗಳು ನೂರು ವರ್ಷದಿಂದ ಒಂದೇ ಊರಿನಲ್ಲಿವೆ, ಹಲವು ಸ್ವಂತ ಮೈದಾನದಲ್ಲಿ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಆಡುವ ಕಂಠೀರವ ಕ್ರೀಡಾಂಗಣ ಸರ್ಕಾರದ್ದು. ಪಂದ್ಯ ಮುಗಿದ ಮೇಲೆ ಗೇಟಿನ ಕೀಲಿ ಕ್ಲಬ್ಬಿನ ಕೈಯಲ್ಲಿ ಇರುವುದಿಲ್ಲ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕ್ಲಬ್‌ಗಳು ಹೆಚ್ಚಾಗಿ ಲಾಭ ಕಂಡವಲ್ಲ, ಆದ್ದರಿಂದ ಸಿಎಸ್‌ಆರ್‌ನ ಶೇ 2 ಕ್ಲಬ್ಬಿನಿಂದ ಬರುವುದಲ್ಲ, ಅದರ ಹಿಂದಿರುವ ಕಂಪನಿಯಿಂದ ಬರಬೇಕು. 2025ರಲ್ಲಿ ಲೀಗ್ ನಡೆಯುವುದೇ ಅನುಮಾನ ಎಂಬ ಸ್ಥಿತಿ ಬಂದು, ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಆ ಸಂಕಟದಲ್ಲೂ ಹುಡುಗ ಹುಡುಗಿಯರ ಕಿರಿಯ ತಂಡಗಳು ಮತ್ತು ಸಾಕರ್ ಸ್ಕೂಲ್ ನಡೆಯುತ್ತವೆ ಎಂದು ಹೇಳಿತು, ಅದನ್ನು ನಾನು ಮೆಚ್ಚಿದೆ. ಆದರೆ ಸಾಕರ್ ಸ್ಕೂಲ್ ಶುಲ್ಕ ಕಟ್ಟಿ ಸೇರುವಂಥದ್ದು. ನಿಮ್ಮ ಕೇರಿ ಕೇಳುತ್ತಿರುವುದು ಬೇರೆ. ಗೋವಾದಲ್ಲಿ ಎಫ್‌ಸಿ ಗೋವಾದ ಬೆನ್ನಿಗಿರುವ ಫೋರ್ಸಾ ಗೋವಾ ಪ್ರತಿಷ್ಠಾನ ಪುಟ್ಟ ಮಕ್ಕಳ ಲೀಗ್ ನಡೆಸುತ್ತದೆ. ಇಲ್ಲಿ ಆಗದ ಮಾತೇನಲ್ಲ.

ಇಂಗ್ಲೆಂಡಿನಲ್ಲಿ 2006ರಲ್ಲಿ ಲಂಡನ್ ಪೊಲೀಸರೊಂದಿಗೆ ಸೇರಿ ಪ್ರೀಮಿಯರ್ ಲೀಗ್ 'ಕಿಕ್ಸ್' ಎಂಬ ಯೋಜನೆ ತಂದಿತು. ಹುಡುಗರು ಬೀದಿಯಲ್ಲಿ ಅಲೆಯುವ ಸಂಜೆ ಹೊತ್ತಿಗೆ, ಅವರ ವಸತಿ ಸಮುಚ್ಚಯದ ಮೈದಾನಕ್ಕೇ ಕ್ಲಬ್ಬಿನ ತರಬೇತುದಾರ ಬರುತ್ತಾನೆ, ಶುಲ್ಕವಿಲ್ಲ. ಕ್ಲಬ್ಬಿಗೆ ಪತ್ರ ಬರೆಯುವುದಾದರೆ ಟೀ ಶರ್ಟು, ಚೆಂಡು, ಸ್ಟಾರ್ ಆಟಗಾರನ ಭೇಟಿ ಕೇಳಬೇಡಿ. ವಾರಕ್ಕೆರಡು ಸಂಜೆ, ಒಬ್ಬ ತರಬೇತುದಾರ, ಒಂದು ವರ್ಷ ತಪ್ಪಿಸದೆ. ಇಷ್ಟೇ ಕೇಳಿ. ಒಬ್ಬರೇ ಬರೆಯಬೇಡಿ. ಗೌತಮಪುರ, ಆಸ್ಟಿನ್ ಟೌನ್ ಕಡೆಯ ಕ್ಲಬ್‌ಗಳೆಲ್ಲ ಸೇರಿ ಸಹಿ ಹಾಕಿ. ಮೈದಾನ ಪಾಲಿಕೆಯದಾಗಿದ್ದರೆ ಅದರ ಪ್ರತಿಯನ್ನು ಪಾಲಿಕೆಗೂ ಕೊಡಿ.

ಕಾಸಿಲ್ಲದೆ ಏನು ಮಾಡಬಹುದು ಎಂಬುದಕ್ಕೆ ಹ್ಯಾಂಬರ್ಗಿನ ಸೇಂಟ್ ಪೌಲಿ ಕ್ಲಬ್ಬಿನ ಒಂದು ಉಪಾಯ ಇದೆ. ಅಲ್ಲಿ ಬಿಯರ್ ಕೊಡುವ ಪ್ಲಾಸ್ಟಿಕ್ ಲೋಟಕ್ಕೆ ಠೇವಣಿ ಇರುತ್ತದೆ, ಲೋಟ ಹಿಂದಿರುಗಿಸಿದರೆ ಚಿಲ್ಲರೆ ವಾಪಸ್. ಕ್ಲಬ್ಬಿನ ಆಟಗಾರ ಬೆನ್ಯಾಮಿನ್ ಆಡ್ರಿಯೋನ್ 2005ರಲ್ಲಿ ತಂಡದೊಂದಿಗೆ ಕ್ಯೂಬಾಕ್ಕೆ ತರಬೇತಿಗೆ ಹೋಗಿ, ಅಲ್ಲಿನ ಮಕ್ಕಳ ಕುಡಿಯುವ ನೀರಿನ ಪಾಡು ನೋಡಿ ಬಂದು 'ವಿವಾ ಕಾನ್ ಆಗ್ವಾ' ಸಂಸ್ಥೆ ಕಟ್ಟಿದ. ಪಂದ್ಯದ ದಿನ ಅದರ ಸ್ವಯಂಸೇವಕರು ದೊಡ್ಡ ಡಬ್ಬ ಹಿಡಿದು ನಿಲ್ಲುತ್ತಾರೆ, ಜನ ಖಾಲಿ ಲೋಟ ಎಸೆದು ಹೋಗುತ್ತಾರೆ. ಆ ಠೇವಣಿಯೇ ದೇಣಿಗೆ, ನೀರಿನ ಯೋಜನೆಗಳಿಗೆ ಹೋಗುತ್ತದೆ. ಕೊಟ್ಟವನಿಗೆ ಕೊಟ್ಟೆ ಅನ್ನಿಸುವುದೂ ಇಲ್ಲ.

ನಿಮ್ಮ ಟೂರ್ನಮೆಂಟಿನಲ್ಲಿ ಲೋಟ ಬೇಡ. ಬದಲಿಗೆ ಕಾಲಿಗೆ ಚಿಕ್ಕದಾದ ಬೂಟುಗಳನ್ನು ತಂದುಹಾಕಲು ಒಂದು ಪೆಟ್ಟಿಗೆ ಇಡಿ. ಬೆಳೆಯುವ ಹುಡುಗರ ಮನೆಯಲ್ಲಿ ಅಂಥ ಜೋಡಿ ಮಂಚದ ಕೆಳಗೆ ಬಿದ್ದೇ ಇರುತ್ತದೆ, ಪಕ್ಕದ ಬೀದಿಯಲ್ಲಿ ಬರಿಗಾಲಿನಲ್ಲಿ ಆಡುವವನೂ ಇರುತ್ತಾನೆ. ಯಾರು ತಂದರು, ಯಾರು ಒಯ್ದರು ಎಂದು ಹೆಸರು ಬರೆಯಬೇಡಿ, ಫೋಟೊ ತೆಗೆಯಬೇಡಿ. ಇಂಥ ಕೆಲಸ ಈಗಾಗಲೇ ನಡೆಸುತ್ತಿರುವ ಕ್ಲಬ್ ನಿಮ್ಮ ಊರಲ್ಲೂ ಇದ್ದರೆ, ಓದುಗರೆ, ನಮಗೆ ಬರೆದು ಕಳಿಸಿ. ಈ ಅಂಕಣದಲ್ಲಿ ಅದಕ್ಕೆ ಜಾಗ ಇದೆ.